ಉಸಿರನ್ನು ಅಳೆಯಲು ಕಲಿತ ಕಥೆ

ಎಂಫಿಸಿಮಾ ಬಂದವರಿಗೆ ಉಸಿರು ಎಳೆದುಕೊಳ್ಳುವುದಕ್ಕಿಂತ ಹೊರಬಿಡುವುದೇ ದೊಡ್ಡ ಕಷ್ಟ. ಬಹುಪಾಲು ಧೂಮಪಾನದಿಂದ ಗಾಳಿಗೂಡುಗಳ ಗೋಡೆ ಹಾಳಾಗಿ, ಒಳಹೋದ ಗಾಳಿ ಅಲ್ಲೇ ತಂಗುತ್ತದೆ. ಎದೆ ಉಬ್ಬುತ್ತದೆ, ವಪೆ ಚಪ್ಪಟೆಯಾಗುತ್ತದೆ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು.

1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರವೈದ್ಯ ಓಟೋ ಬ್ರಾಂಟಿಗನ್ ಧೈರ್ಯದ ಹೆಜ್ಜೆಯೊಂದನ್ನು ಇಟ್ಟರು. ತೀರಾ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದರೆ ಉಳಿದ ಶ್ವಾಸಕೋಶಕ್ಕೆ ಹಿಗ್ಗಲು ಜಾಗ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ. ಅನೇಕ ರೋಗಿಗಳು ಹಗುರವಾಯಿತು ಎಂದರು. ಆದರೆ ಸುಮಾರು ಆರರಲ್ಲಿ ಒಬ್ಬರು ಸತ್ತರು. ಹಗುರವಾದದ್ದು ನಿಜವೆಂದು ತೋರಿಸುವ ಅಳತೆಯೂ ಕೈಯಲ್ಲಿರಲಿಲ್ಲ. ವೈದ್ಯಲೋಕ ಆ ದಾರಿಯನ್ನು ಕೈಬಿಟ್ಟಿತು.

1995ರಲ್ಲಿ ಸೇಂಟ್ ಲೂಯಿಯ ಜೋಯಲ್ ಕೂಪರ್, ಆರಿಸಿದ 20 ರೋಗಿಗಳಲ್ಲಿ ಅದೇ ಶಸ್ತ್ರಚಿಕಿತ್ಸೆಯ ಉತ್ತಮ ಫಲಿತಾಂಶ ಪ್ರಕಟಿಸಿದರು. ಆಸ್ಪತ್ರೆಗಳು ಮುಗಿಬಿದ್ದವು. ಆದರೆ ಕೂಪರ್ ರೋಗಿಗಳನ್ನು ಆರಿಸಿದ್ದ ಎಚ್ಚರಿಕೆ ಎಲ್ಲೆಡೆ ಉಳಿಯಲಿಲ್ಲ. ಸಾವುಗಳು ಕಂಡುಬಂದಾಗ ಸರ್ಕಾರಿ ವಿಮೆಯಾದ ಮೆಡಿಕೇರ್ ಹಣ ಕೊಡುವುದನ್ನು ನಿಲ್ಲಿಸಿತು. ಆಮೇಲೆ ನಡೆದದ್ದೇ 'ನೆಟ್' ಎಂಬ ರಾಷ್ಟ್ರೀಯ ಪ್ರಯೋಗ: 17 ಕೇಂದ್ರಗಳು, 1,218 ರೋಗಿಗಳು. ಪ್ರತಿಯೊಬ್ಬರೂ ಮೊದಲು ವಾರಗಟ್ಟಲೆ ವ್ಯಾಯಾಮ ತರಬೇತಿ ಮುಗಿಸಬೇಕಿತ್ತು, ಸಿ.ಟಿ. ಸ್ಕ್ಯಾನ್, ಊದುವ ಪರೀಕ್ಷೆ, ಆರು ನಿಮಿಷದ ನಡಿಗೆ, ಸೈಕಲ್ ತುಳಿತ ಎಲ್ಲಕ್ಕೂ ಒಳಗಾಗಬೇಕಿತ್ತು.

2001ರಲ್ಲಿ ಪ್ರಯೋಗ ಇನ್ನೂ ನಡೆಯುತ್ತಿರುವಾಗಲೇ ಎಚ್ಚರಿಕೆಯ ಗಂಟೆ ಮೊಳಗಿತು. ಅಪಾಯ ಕಂಡದ್ದು ಒಂದು ಗುಂಪಿನ ರೋಗಿಗಳಲ್ಲಿ: ಊದುವ ಪರೀಕ್ಷೆಯ ಮೊದಲ ಸೆಕೆಂಡಿನಲ್ಲಿ ಹೊರಬೀಳುವ ಗಾಳಿ ನಿರೀಕ್ಷಿತ ಪ್ರಮಾಣದ ಶೇ 20 ಅಥವಾ ಅದಕ್ಕಿಂತ ಕಡಿಮೆ. ಜೊತೆಗೆ ರೋಗ ಇಡೀ ಶ್ವಾಸಕೋಶಕ್ಕೆ ಸಮನಾಗಿ ಹರಡಿರುವುದು ಅಥವಾ ಅನಿಲ ರಕ್ತಕ್ಕೆ ದಾಟುವ ಸಾಮರ್ಥ್ಯವೂ ಅಷ್ಟೇ ಕುಸಿದಿರುವುದು. ಇಂಥವರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 69 ಮಂದಿಯಲ್ಲಿ ಶೇ 16ರಷ್ಟು 30 ದಿನಗಳೊಳಗೆ ತೀರಿಕೊಂಡರು. ಔಷಧ ಮಾತ್ರ ಪಡೆದ 70 ಮಂದಿಯಲ್ಲಿ ಆ ಅವಧಿಯಲ್ಲಿ ಒಬ್ಬರೂ ಸಾಯಲಿಲ್ಲ. ಅಂಥವರನ್ನು ಸೇರಿಸಿಕೊಳ್ಳುವುದು ಅಲ್ಲಿಗೇ ನಿಂತಿತು. ದುಬಾರಿ ಬೆಲೆ ತೆತ್ತು ಕಲಿತ ಪಾಠ ಇದು; ಇಂದು ಬದುಕುಳಿಯುವವರು ಆ ತೀರಿಕೊಂಡವರ ಋಣದಲ್ಲಿದ್ದಾರೆ.

ಯಾರಿಗೆ ಲಾಭ, ಯಾರಿಗೆ ಹಾನಿ ಎಂಬುದನ್ನು ಪ್ರಯೋಗದ 2003ರ ಫಲಿತಾಂಶ ಇನ್ನಷ್ಟು ಸ್ಪಷ್ಟಪಡಿಸಿತು. ರೋಗ ಮುಖ್ಯವಾಗಿ ಮೇಲಿನ ಹಾಲೆಗಳಲ್ಲಿದ್ದು, ತರಬೇತಿಯ ನಂತರವೂ ದೇಹಶಕ್ತಿ ಕಡಿಮೆಯಿದ್ದವರ ಆಯುಷ್ಯ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿತು. ರೋಗ ಬೇರೆಡೆ ಇದ್ದು ದೇಹಶಕ್ತಿ ಚೆನ್ನಾಗಿದ್ದವರಿಗೆ ಹಾನಿಯೇ ಆಯಿತು.

ಕತ್ತರಿಯಿಲ್ಲದೆಯೇ ಕೆಟ್ಟ ಹಾಲೆಯನ್ನು ಕುಗ್ಗಿಸಲು, ಬಾಯಿಯ ಮೂಲಕ ಕೊಳವೆ ಇಳಿಸಿ ಕೂರಿಸುವ ಪುಟ್ಟ ಕವಾಟಗಳಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಅಲ್ಲೂ ಪರೀಕ್ಷೆಯೇ ಮೊದಲು: ಪಕ್ಕದ ಹಾಲೆಯಿಂದ ಗಾಳಿ ನುಸುಳುವ ಒಳದಾರಿ ಇದ್ದರೆ ಕವಾಟ ಹಾಕಿದರೂ ಆ ಹಾಲೆ ಕುಗ್ಗುವುದಿಲ್ಲ.