ಅಂಗನವಾಡಿ ಶಾಲಾಪೂರ್ವ ಶಿಕ್ಷಣ: ಆಕೃತಿಗಳ ಪರಿಚಯ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಸೇರಿದಂತೆ ರಾಜ್ಯದ ಅಂಗನವಾಡಿ ಕೇಂದ್ರಗಳಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಉಚಿತವಾಗಿ ಶಾಲಾಪೂರ್ವ ಶಿಕ್ಷಣ ನೀಡಲಾಗುತ್ತದೆ. ವೃತ್ತ, ತ್ರಿಕೋನ, ಚೌಕ, ಆಯತಗಳನ್ನು ಗುರುತಿಸುವುದು ಇದರ ಭಾಗವಾಗಿರುತ್ತದೆ.

ಮಗುವು ಮೊದಲು ಆಕೃತಿಯ ಒಟ್ಟು ನೋಟವನ್ನು ಗ್ರಹಿಸುತ್ತದೆ. ಬಾಹು, ಮೂಲೆಗಳನ್ನು ಎಣಿಸುವುದು ನಂತರದ ಹಂತ. ಆದ್ದರಿಂದ ಓರೆಯಾಗಿ ಇರಿಸಿದ ಚೌಕವನ್ನು ಮಗುವು ಚೌಕವೆಂದು ಒಪ್ಪದಿದ್ದಲ್ಲಿ ಅದನ್ನು ದಡ್ಡತನವೆಂದು ಭಾವಿಸಬಾರದು. ಒಂದೇ ಆಕೃತಿಯನ್ನು ವಿವಿಧ ಗಾತ್ರ ಹಾಗೂ ದಿಕ್ಕುಗಳಲ್ಲಿ ತೋರಿಸಿ, ಅದರ ಅಂಚಿನ ಮೇಲೆ ಬೆರಳಾಡಿಸಲು ಹೇಳುವುದು ಸೂಕ್ತ. ಮನೆಯಲ್ಲಿ ವೃತ್ತಕ್ಕೆ ಬಳೆಯನ್ನು ತೋರಿಸಬಹುದು. ಚೌಕಾಕಾರದ ಕರವಸ್ತ್ರವನ್ನು ಎದುರುಬದುರು ಮೂಲೆಗಳು ಕೂಡುವಂತೆ ಮಡಿಸಿದಲ್ಲಿ ತ್ರಿಕೋನವೂ, ಅಂಚಿಗೆ ಅಂಚು ಕೂಡುವಂತೆ ಮಡಿಸಿದಲ್ಲಿ ಆಯತವೂ ದೊರೆಯುತ್ತದೆ.

ಆಕೃತಿಗಳನ್ನು ಗುರುತಿಸಲಾರದ ಕಾರಣಕ್ಕೆ 1ನೇ ತರಗತಿಯ ಪ್ರವೇಶ ಕೈತಪ್ಪುವುದೆಂದು ಪೋಷಕರು ಆತಂಕಪಡಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009 ಅನ್ವಯವಾಗುವ ಶಾಲೆಗಳಲ್ಲಿ, ಅದರ 13ನೇ ಪ್ರಕರಣದ ಮೇರೆಗೆ, ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಳಪಡಿಸುವುದನ್ನು ನಿಷೇಧಿಸಲಾಗಿದೆ. ಉಲ್ಲಂಘಿಸಿದವರಿಗೆ ಮೊದಲ ಬಾರಿಗೆ ರೂ. 25,000ದವರೆಗೆ, ತದನಂತರ ಪ್ರತಿ ಬಾರಿಗೆ ರೂ. 50,000ದವರೆಗೆ ದಂಡ ವಿಧಿಸಲು ಅವಕಾಶವಿರುತ್ತದೆ.