ಎಂಬತ್ತು ಅಕ್ಷರದ ಸಾಲಿನಲ್ಲಿ ವಿಮಾನದ ನಕಾಶೆ

1970ರ ದಶಕದ ಕೊನೆಗೆ ಅಮೆರಿಕದ ಕಾರ್ಖಾನೆಗಳು ವಿಚಿತ್ರ ಪೇಚಿಗೆ ಸಿಕ್ಕಿದ್ದವು. ನಕಾಶೆಗಳೇನೋ ಕಾಗದ ಬಿಟ್ಟು ಕಂಪ್ಯೂಟರ್ ಏರಿದ್ದವು. ಆದರೆ ಒಂದು ತಂತ್ರಾಂಶ ಬರೆದದ್ದು ಇನ್ನೊಂದಕ್ಕೆ ಓದಲು ಬರುತ್ತಿರಲಿಲ್ಲ. ಹತ್ತು ವ್ಯವಸ್ಥೆಗಳು ನೇರವಾಗಿ ಮಾತಾಡಿಕೊಳ್ಳಲು 90 ಪರಿವರ್ತಕಗಳು ಬೇಕು. ನಡುವೆ ಎಲ್ಲರೂ ಒಪ್ಪಿದ ಒಂದು ರೂಪವಿದ್ದರೆ 20 ಸಾಕು.

ಈ ಲೆಕ್ಕವನ್ನು ಕೆಲಸಕ್ಕಿಳಿಸಿದವರಲ್ಲಿ ಅಲ್ಲಿನ ಸರ್ಕಾರಿ ಮಾನಕ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನಿ ರೋಜರ್ ನೇಗಲ್ ಪ್ರಮುಖರು. ಬೋಯಿಂಗ್‌ನ ವಾಲ್ಟ್ ಬ್ರೈತ್‌ವೇಟ್, ಜನರಲ್ ಎಲೆಕ್ಟ್ರಿಕ್‌ನ ಫಿಲಿಪ್ ಕೆನಿಕಾಟ್ ಅವರಿಗೆ ಜೊತೆಯಾದರು. 1979ರಲ್ಲಿ ಶುರುವಾದ ಕೆಲಸ ಮರುವರ್ಷವೇ ‘ಐಜೆಸ್’ ಹೆಸರಿನಲ್ಲಿ ಪ್ರಕಟವಾಯಿತು.

ಹೊಸ ಮಾನಕದ ಮೈಮೇಲೆ ಹಳೆಯ ಪಂಚ್ ಕಾರ್ಡಿನ ಗುರುತು ಉಳಿದಿತ್ತು: ಪ್ರತಿ ಸಾಲಿಗೆ 80 ಅಕ್ಷರ. ಸರಳರೇಖೆಗೆ 110, ವೃತ್ತದ ಕಂಸಕ್ಕೆ 100 ಎಂಬ ಸಂಖ್ಯೆಗಳು. ಕಡತ ಉಬ್ಬುತ್ತಿತ್ತು, ಆದರೂ ಸಾಗುತ್ತಿತ್ತು.

ನೇಗಲ್ ಮುಂದೆ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯ ಸೇರಿ, ಬೇಡಿಕೆಗೆ ತಕ್ಕಂತೆ ಚುರುಕಾಗಿ ಬದಲಾಗುವ ಉತ್ಪಾದನೆಯ ಪ್ರತಿಪಾದಕರಾದರು. ಇತ್ತ ರೇಖೆಗಳಷ್ಟೇ ಸಾಲದೆ, ಉತ್ಪನ್ನದ ಸಮಗ್ರ ಮಾಹಿತಿ ದಾಟಿಸುವ ‘ಸ್ಟೆಪ್’ ಮಾನಕದ ಕೆಲಸ 1984ರಲ್ಲಿ ಆರಂಭವಾಯಿತು. ಐಎಸ್‌ಒ 10303 ಆಗಿ ಹೊರಬರಲು 1994 ಆಯಿತು.

ಸ್ಟೆಪ್ ಬಂದರೂ ಐಜೆಸ್ ಮರೆಯಾಗಲಿಲ್ಲ. ಇಂದಿಗೂ ಅನೇಕ ವಿನ್ಯಾಸ ತಂತ್ರಾಂಶಗಳು ಎರಡನ್ನೂ ಓದುತ್ತವೆ.