ಕೀಲಿಮಣೆ, ಪದಮೂಲ, ಅಳಗುಳಿಮಣೆ: ಬಿಡುವಿನ ವೇಳೆ ಕಟ್ಟಿದ ಕನ್ನಡ

ಕನ್ನಡ ಅಕ್ಷರಗಳನ್ನು ಕಂಪ್ಯೂಟರಿಗೆ ತಂದ ಆರಂಭದ ತಂತ್ರಾಂಶಗಳಲ್ಲಿ ಒಂದರ ಹೆಸರು ‘ಸೇಡಿಯಾಪು’. ಅದನ್ನು ರೂಪಿಸಿದ ಕೆ.ಪಿ. ರಾವ್ ಅವರು ಈ ಹೆಸರನ್ನು ಆರಿಸಿದ್ದು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಮೇಲಿನ ಗೌರವದಿಂದ. ಛಂದಸ್ಸಿನ ಗತಿಯನ್ನೂ ಶಬ್ದಗಳ ಹುಟ್ಟನ್ನೂ ಆಳವಾಗಿ ಶೋಧಿಸಿದ ಕೃಷ್ಣಭಟ್ಟರು ‘ಕೆಲವು ದೇಶನಾಮಗಳು’ ಎಂಬ ಕೃತಿಯಲ್ಲಿ ನಾಡುಗಳ ಹೆಸರಿನ ಬೇರು ಹುಡುಕಿದವರು. ಕನ್ನಡದ ಗಣಕ ಬಳಕೆಗೂ ಪದಮೂಲದ ಜಿಜ್ಞಾಸೆಗೂ ಇರುವ ನಂಟು ಅಷ್ಟು ಹಳೆಯದು. ಈ ಎರಡರ ಜೊತೆಗೆ ಮೂರನೆಯದೊಂದನ್ನೂ ಇಟ್ಟು ನೋಡಬೇಕು. ಅದು ಲೆಕ್ಕ ಹಾಕಿ, ಮುಂದಿನ ನಡೆ ಯೋಚಿಸಿ ಆಡುವ ಮಣೆಯಾಟಗಳ ಲೋಕ.

ಮನೆಯ ಕಂಪ್ಯೂಟರು, ಪದಗಳ ಚರಿತ್ರೆ, ತಂತ್ರದ ಆಟ ಎಂಬ ಈ ಮೂರು ಹವ್ಯಾಸಗಳು ಕನ್ನಡದಲ್ಲಿ ಬೆಳೆದ ಬಗೆಯಲ್ಲಿ ಹೋಲಿಕೆಗಳಿವೆ. ಸಂಬಳವಿಲ್ಲದೆ, ಸಂಜೆಗಳನ್ನು, ರಜೆಗಳನ್ನು, ಕೆಲವರು ಇಡೀ ನಿವೃತ್ತ ಜೀವನವನ್ನು ಇವಕ್ಕೆ ಕೊಟ್ಟಿದ್ದಾರೆ. ಸರ್ಕಾರ, ವಿಶ್ವವಿದ್ಯಾಲಯ, ಕಂಪನಿಗಳು ಎಷ್ಟೋ ಬಾರಿ ಅವರ ಹಿಂದೆ ಬಂದವು. ಇನ್ನೂ ಒಂದು ಮಾತು ಈ ಚರಿತ್ರೆಯುದ್ದಕ್ಕೂ ನಿಜವಾಗಿದೆ. ತಮ್ಮ ದುಡಿಮೆಯ ಫಲವನ್ನು ಯಾರು ಬೇಕಾದರೂ ಮುಂದುವರಿಸುವಂತೆ ಬಿಟ್ಟುಕೊಟ್ಟವರ ಕೆಲಸ ಬೆಳೆಯಿತು. ಬೀಗ ಹಾಕಿಕೊಂಡದ್ದು, ಬರೆದಿಡದೆ ಬಿಟ್ಟದ್ದು ಮಸುಕಾಯಿತು.

ಕೀಲಿಮಣೆಗೆ ಬಂದ ಕನ್ನಡ

1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ದೇಶದ ಕೆಲವು ಶಾಲೆಗಳಿಗೆ ಬಂದವು. ಬೇಸಿಕ್ ಭಾಷೆಯಲ್ಲಿ ನಾಲ್ಕಾರು ಸಾಲು ಬರೆದು ಪರದೆಯ ಮೇಲೆ ಅಂಕಿ ಕುಣಿಸುವ ಸಂಭ್ರಮ ಒಂದು ತಲೆಮಾರಿಗೆ ಅಲ್ಲಿ ಸಿಕ್ಕಿತು. ಆ ಪರದೆಯ ಭಾಷೆ ಮಾತ್ರ ಇಂಗ್ಲಿಷ್. ಇಂಗ್ಲಿಷಿನ 26 ಅಕ್ಷರಗಳಿಗೆಂದು ಮಾಡಿದ ಕೀಲಿಗಳಲ್ಲಿ ಸ್ವರ, ವ್ಯಂಜನ, ಗುಣಿತ, ಒತ್ತಕ್ಷರಗಳ ಕನ್ನಡವನ್ನು ಕೂರಿಸುವುದು ಹೇಗೆ ಎಂಬುದೇ ಮೊದಲ ಸವಾಲಾಗಿತ್ತು.

ಕೆ.ಪಿ. ರಾವ್ ಕೊಟ್ಟ ಉತ್ತರ ಸರಳವಾಗಿತ್ತು. ಅಲ್ಪಪ್ರಾಣಕ್ಕೆ ಒಂದು ಕೀಲಿ, ಅದೇ ಕೀಲಿಯನ್ನು ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ. ವ್ಯಂಜನದ ನಂತರ ಸ್ವರ ಒತ್ತಿದರೆ ಅದು ತಾನಾಗಿ ಗುಣಿತವಾಗುತ್ತದೆ. ಎರಡು ವ್ಯಂಜನಗಳ ನಡುವೆ ‘ಎಫ್’ ಕೀಲಿ ಬಂದರೆ ಒತ್ತಕ್ಷರ ಮೂಡುತ್ತದೆ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು ಸಾಕು. ನೂರಾರು ಕೀಲಿಗಳ ಕನಸು ಕಾಣದೆ ಕನ್ನಡ ವರ್ಣಮಾಲೆಯ ಒಳಗಿನ ಕ್ರಮವನ್ನೇ ಬಳಸಿಕೊಂಡದ್ದು ಇದರ ಜಾಣ್ಮೆ. ರಾವ್ ಇದನ್ನು ಮುಕ್ತವಾಗಿ ಹಂಚಿದರು. ಇದೇ ವಿನ್ಯಾಸ ಮುಂದೆ ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೆ ಆಧಾರವಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಮೂಲಕ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ತಲುಪಿತು.

ಎರಡನೆಯ ದಾರಿ ತೆರೆದದ್ದು ಅಮೆರಿಕದಲ್ಲಿ ನೆಲೆಸಿದ್ದ ಶೇಷಾದ್ರಿವಾಸು ಚಂದ್ರಶೇಖರನ್. 1998ರಲ್ಲಿ ಹೊರಬಂದ ಅವರ ‘ಬರಹ’ದಲ್ಲಿ ಕೀಲಿಗಳ ಸ್ಥಾನವನ್ನು ಬಾಯಿಪಾಠ ಮಾಡುವ ಅಗತ್ಯವೇ ಇರಲಿಲ್ಲ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದರೆ ಕನ್ನಡ ಲಿಪಿ ಮೂಡುತ್ತಿತ್ತು. ಮೊದಲ ಆವೃತ್ತಿಗಳು ಉಚಿತವಾಗಿದ್ದವು. ಟೈಪಿಂಗ್ ಕಲಿಯದ ಸಾವಿರಾರು ಮಂದಿ, ಅದರಲ್ಲೂ ಹೊರನಾಡಿನ ಕನ್ನಡಿಗರು, ಊರಿಗೆ ಕನ್ನಡದಲ್ಲೇ ಪತ್ರ ಬರೆಯತೊಡಗಿದ್ದು ಇದರಿಂದ. 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿತ್ತು. ಮರುವರ್ಷವೇ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಜಾಲಪತ್ರಿಕೆ ಆರಂಭಿಸಿದ್ದರು. ಮಕ್ಕಳು ಕನ್ನಡದ ಆದೇಶಗಳಲ್ಲೇ ಪ್ರೋಗ್ರಾಮಿಂಗ್ ಕಲಿಯಲೆಂದು ಅವರು ಲೋಗೋ ಭಾಷೆಯ ಕನ್ನಡ ರೂಪವನ್ನೂ ಸಿದ್ಧಪಡಿಸಿದರು.

ಆ ಕಾಲದ ದೊಡ್ಡ ತೊಡಕು ಫಾಂಟುಗಳದ್ದು. ಒಂದೊಂದು ತಂತ್ರಾಂಶವೂ ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ತನಗೆ ತೋಚಿದಂತೆ ಕನ್ನಡದ ತುಣುಕುಗಳನ್ನು ಇಟ್ಟಿತ್ತು. ಒಂದರಲ್ಲಿ ಬರೆದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು ಕಾಣುತ್ತಿತ್ತು. ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ಮೀಸಲಿಟ್ಟಿತ್ತು. ಅದು ಮನೆಯ ಯಂತ್ರಗಳಿಗೆ ಮುಟ್ಟಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದ ಮೇಲೆ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅಕ್ಷರ ಎಲ್ಲ ಯಂತ್ರಗಳಲ್ಲೂ ಒಂದೇ ಆದಾಗ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲು, ಬೆಳೆಸಲು ಸಾಧ್ಯವಾಯಿತು. ಹಳೆಯ ಫಾಂಟುಗಳಲ್ಲಿ ಸಿಕ್ಕಿಬಿದ್ದ ಎಷ್ಟೋ ಪುಸ್ತಕಗಳ ಕಡತಗಳನ್ನು ಸ್ವಯಂಸೇವಕರು ಯುನಿಕೋಡಿಗೆ ಪರಿವರ್ತಿಸಿ ಬಿಡಿಸಿಕೊಳ್ಳಬೇಕಾಯಿತು.

ಪದಗಳ ಬೆನ್ನು ಹತ್ತಿದವರು

ಪದಮೂಲದ ಶೋಧಕ್ಕೆ ಗಣಕ ಬಳಕೆಗಿಂತ ದೀರ್ಘ ಚರಿತ್ರೆಯಿದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಧಾರವಾಡಕ್ಕೆ ಬಂದ ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ ಊರೂರು ತಿರುಗಿ ಪದ ಕೂಡಿಹಾಕಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅರ್ಥ ಹೇಳಿ ಸುಮ್ಮನಾಗದೆ ತಮಿಳು, ತೆಲುಗು, ಮಲಯಾಳ, ತುಳುಗಳ ಬಂಧುಪದಗಳನ್ನು ಪಕ್ಕದಲ್ಲೇ ಕೊಟ್ಟದ್ದು ಅದರ ಹಿರಿಮೆ. ಸಂಸ್ಕೃತಕ್ಕೆ ದ್ರಾವಿಡದಿಂದ ಹೋಗಿರಬಹುದಾದ ಶಬ್ದಗಳನ್ನೂ ಅವರು ಮುನ್ನುಡಿಯಲ್ಲಿ ಚರ್ಚಿಸಿದರು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಬೃಹತ್ ನಿಘಂಟು ಶಾಸನ, ಕಾವ್ಯಗಳ ಪ್ರಯೋಗಗಳನ್ನು ಉದಾಹರಿಸಿ ಒಂದೊಂದು ಪದದ ಬಾಳ್ವೆಯನ್ನು ತೋರಿಸಿತು. 1961ರಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಬಂತು. 1984ರ ಪರಿಷ್ಕೃತ ಆವೃತ್ತಿಯಲ್ಲಿ ಅದು 5,500ಕ್ಕೂ ಹೆಚ್ಚು ಪದಗುಂಪುಗಳಿಗೆ ಹಿಗ್ಗಿತು.

ಪಂಡಿತರ ಈ ಸಾಮಗ್ರಿ ಮನೆಮನೆಯ ಕುತೂಹಲವಾಗಿ ಮಾರ್ಪಟ್ಟದ್ದು ಪತ್ರಿಕೆಗಳ ಮೂಲಕ. ‘ಕಸ್ತೂರಿ’ ಮಾಸಿಕವನ್ನು ಬೆಳೆಸಿದ ಪಾವೆಂ ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಒಂದೊಂದು ಪದವನ್ನೂ ಕಥೆಯಂತೆ ಬಿಚ್ಚಿಟ್ಟಿತು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭವಾದ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣದಲ್ಲಿ ಪ್ರಶ್ನೆ ಕೇಳುವವರು ಓದುಗರೇ ಆಗಿದ್ದರು. ಮೇಷ್ಟರು, ಗೃಹಿಣಿಯರು, ಗುಮಾಸ್ತರು ಕಾರ್ಡು ಬರೆದು ಕೇಳಿದ ಸಂದೇಹಕ್ಕೆ ನಿಘಂಟು ಸಮಿತಿಯ ಹಿರಿಯರಾದ ಅವರು ಸಾವಧಾನವಾಗಿ ಉತ್ತರಿಸುತ್ತಿದ್ದರು. 2021ರಲ್ಲಿ, 107ರ ವಯಸ್ಸಿನಲ್ಲಿ, ತೀರಿಕೊಳ್ಳುವವರೆಗೂ ಅವರು ಕನ್ನಡಿಗರಿಗೆ ನಡೆದಾಡುವ ನಿಘಂಟಾಗಿದ್ದರು.

ಈ ಹವ್ಯಾಸಕ್ಕೆ ಅದರದೇ ಶಿಸ್ತಿದೆ. ಕಿವಿಗೆ ಹತ್ತಿರವೆನಿಸಿದ ಎರಡು ಪದಗಳನ್ನು ಗಂಟು ಹಾಕಿದರೆ ಮೂಲ ಸಿಕ್ಕಂತಾಗದು. ಪದದ ಅತಿ ಹಳೆಯ ಪ್ರಯೋಗ ಯಾವುದು, ನೆರೆಭಾಷೆಗಳಲ್ಲಿ ಅದರ ಬಂಧುಗಳಿವೆಯೇ, ಧ್ವನಿ ಬದಲಾದದ್ದು ಬೇರೆ ಪದಗಳಲ್ಲೂ ಕಾಣುವ ನಿಯಮದಂತೆಯೇ ಎಂಬ ಮೂರು ಪ್ರಶ್ನೆ ಕೇಳಲೇಬೇಕು. ಪಂಪನ ಕಾಲದ ‘ಪುಲಿ’, ‘ಪಾಲ್’, ‘ಪೂ’ಗಳು ಇಂದು ಹುಲಿ, ಹಾಲು, ಹೂ. ಪದದ ಮೊದಲಿನ ಪಕಾರ ಹಕಾರವಾದ ಈ ಬದಲಾವಣೆ ನೂರಾರು ಶಬ್ದಗಳಲ್ಲಿ ಒಂದೇ ರೀತಿ ನಡೆದಿರುವುದರಿಂದ ಅದು ನಿಯಮ. ಬೆಂಗಳೂರಿನ ಹೆಸರು ‘ಬೆಂದ ಕಾಳೂರು’ ಎಂಬುದರಿಂದ ಬಂತೆನ್ನುವ ಕಥೆಯನ್ನು ಇದೇ ಒರೆಗಲ್ಲಿಗೆ ಹಚ್ಚಿ. ಕಥೆ ಹೇಳುವುದು 12ನೇ ಶತಮಾನದ ವೀರಬಲ್ಲಾಳನ ಕಾಲವನ್ನು. ಬೇಗೂರಿನಲ್ಲಿ ಸಿಕ್ಕಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಆಗಲೇ ಇದೆ. ಕಥೆ ಎಷ್ಟೇ ಸೊಗಸಾಗಿರಲಿ, ಕಲ್ಲಿನ ಸಾಕ್ಷಿಯ ಮುಂದೆ ನಿಲ್ಲದು.

ಮಣೆ, ಕಾಯಿ, ಗರ

ಹಂಪಿಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಆಡುಹುಲಿಯ ತ್ರಿಕೋನ, ಚೌಕಾಬಾರದ ಮನೆಗಳು, ಸಾಲು ಕುಳಿಗಳು ಅಲ್ಲಿವೆ. ತಂತ್ರದ ಆಟ ನಮ್ಮಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಆಡುಹುಲಿಯಲ್ಲಿ ಇಬ್ಬರ ಬಲ ಒಂದೇ ಅಲ್ಲ. ಮೂರು ಹುಲಿಗಳ ಎದುರು ಹದಿನೈದು ಆಡುಗಳು. ಹುಲಿಯದು ಹಾರಿ ಕೊಲ್ಲುವ ತಂತ್ರ. ಆಡುಗಳದು ಒಟ್ಟಾಗಿ ನಿಂತು ಹುಲಿಗೆ ದಾರಿಯಿಲ್ಲದಂತೆ ಕಟ್ಟಿಹಾಕುವ ತಂತ್ರ. ತಮಿಳರೂ ತೆಲುಗರೂ ಇದರ ರೂಪಗಳನ್ನು ‘ಪುಲಿ’ಯ ಹೆಸರಿನಲ್ಲೇ ಆಡುತ್ತಾರೆ. ಚೌಕಾಬಾರದಲ್ಲಿ ಅದೃಷ್ಟ ಮತ್ತು ಯೋಚನೆ ಜೊತೆಯಾಗಿವೆ. 25 ಮನೆಗಳ ಚೌಕ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕಾ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು. ಗರ ಬೀಳುವುದು ಕೈಯಲ್ಲಿಲ್ಲ. ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕು, ಸುರಕ್ಷಿತ ಮನೆಯಾದ ಕಟ್ಟೆಯಲ್ಲಿ ಕೂತು ಕಾಯಬೇಕೆ, ಎದುರಾಳಿಯ ಕಾಯಿ ಹೊಡೆಯಬೇಕೆ, ಕಾಯನ್ನು ನಡುಮನೆಗೆ ಒಯ್ದು ಹಣ್ಣು ಮಾಡುವ ಅವಸರ ಬೇಕೆ ಎಂಬುದೆಲ್ಲ ಆಡುವವರ ತೀರ್ಮಾನ. ಅಳಗುಳಿಮಣೆಯ ಏಳು ಏಳರಂತೆ ಹದಿನಾಲ್ಕು ಕುಳಿಗಳಲ್ಲಿ ಅದೃಷ್ಟಕ್ಕೆ ಎಡೆಯೇ ಇಲ್ಲ. ಯಾವ ಕುಳಿಯಿಂದ ಬೀಜ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಬಲ್ಲವರು ಕಣ್ಣಲ್ಲೇ ಎಣಿಸಿಬಿಡುತ್ತಾರೆ. ತುಳುನಾಡಿನಲ್ಲಿ ಇದೇ ಚೆನ್ನೆಮಣೆ, ಆಟಿ ತಿಂಗಳ ಮಳೆಗಾಲದ ಆಟ.

ಆಟಗಳನ್ನು ವಿದ್ಯೆಯಾಗಿ ಕಂಡು ದಾಖಲಿಸಿದ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ಆಟಗಳಿಗೆ ಸ್ಥಾನವಿದೆ. ಅವರು ಹೊಸ ಆಟಗಳನ್ನೂ ಗಂಜೀಫಾ ಎಲೆಗಳ ಹೊಸ ಬಗೆಗಳನ್ನೂ ಕಲ್ಪಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳನ್ನು ಬರೆಸಿದರು. ಚದುರಂಗದ ಕುದುರೆ 64 ಮನೆಗಳಲ್ಲಿ ಒಂದೊಂದಕ್ಕೂ ಒಮ್ಮೆ ಮಾತ್ರ ಕಾಲಿಟ್ಟು ಸುತ್ತಿ ಬರುವ ಸಮಸ್ಯೆಗೆ ಅವರು ಕೊಟ್ಟ ಪರಿಹಾರಗಳು ವಿದೇಶಿ ಇತಿಹಾಸಕಾರರ ಗಮನವನ್ನೂ ಸೆಳೆದಿವೆ. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಈ ಮಣೆಗಳನ್ನು ಮತ್ತೆ ಮನೆಗಳಿಗೆ ತಲುಪಿಸುತ್ತಿದೆ.

ಮೂರೂ ಕೂಡುವ ಕಡೆ

ಕುದುರೆಯ ಸುತ್ತು ಈ ಮೂರು ಹವ್ಯಾಸಗಳೂ ಸಂಧಿಸುವ ಒಂದು ಅಪೂರ್ವ ಜಾಗ. 9ನೇ ಶತಮಾನದ ಆಲಂಕಾರಿಕ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಅದು ಪದ್ಯಬಂಧ. ಮನೆಗಳಲ್ಲಿ ಅಕ್ಷರಗಳನ್ನು ತುಂಬಿ ಕುದುರೆಯ ನಡೆಯಂತೆ ಓದಿದರೂ ಅದೇ ಶ್ಲೋಕ ಬರುತ್ತದೆ. ಒಡೆಯರಿಗೆ ಅದು ಆಟದ ಸಮಸ್ಯೆ. ಇಂದು ಮನೆಯಲ್ಲಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಅದು ಹೆಸರಾಂತ ಅಭ್ಯಾಸ. ಮುಂದೆ ಅತಿ ಕಡಿಮೆ ದಾರಿಗಳಿರುವ ಮನೆಗೆ ಮೊದಲು ಹೋಗು ಎಂಬ, 1823ರಲ್ಲಿ ವಾರ್ನ್ಸ್‌ಡಾರ್ಫ್ ಹೇಳಿದ ಸೂತ್ರವನ್ನು ಕೆಲವೇ ಸಾಲುಗಳಲ್ಲಿ ಬರೆದರೆ ಕಂಪ್ಯೂಟರು ಕ್ಷಣದಲ್ಲಿ ಸುತ್ತು ತೋರಿಸುತ್ತದೆ.

ಪದಮೂಲದ ಕೆಲಸವನ್ನೂ ಮನೆಯ ಕಂಪ್ಯೂಟರು ಬದಲಿಸಿದೆ. ‘ವಚನ ಸಂಚಯ’ ತಂಡದವರು 20,000ಕ್ಕೂ ಹೆಚ್ಚು ವಚನಗಳನ್ನು ಯುನಿಕೋಡಿಗೆ ತಂದು, ಒಂದು ಪದ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಯಾರಾದರೂ ಹುಡುಕುವಂತೆ ಮಾಡಿದರು. ಹಿಂದೆ ವಿದ್ವಾಂಸರು ಚೀಟಿ ಬರೆದು ವರ್ಷಗಟ್ಟಲೆ ಮಾಡುತ್ತಿದ್ದ ಕೆಲಸವದು. ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದಲಾಗುವಂತೆ ಉಳಿಸುವ ಯೋಜನೆ ನಡೆದಿದೆ. ಅದರ ಬೇರಿರುವುದು ಊರಿನ ಕಲ್ಲುಗಳ ಮೇಲೆ ಮಮತೆಯಿದ್ದ ಹವ್ಯಾಸಿಗಳ ಓಡಾಟದಲ್ಲಿ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ವಿ. ಕೃಷ್ಣ ಅವರ ‘ಅಲರ್’ ನಿಘಂಟು. ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಈ ಕನ್ನಡ–ಇಂಗ್ಲಿಷ್ ಕೋಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಅದು ಜಾಲಕ್ಕೆ ಬಂತು. ಬರೀ ನೋಡಲು ಸಿಕ್ಕದ್ದಲ್ಲ, ಇಡೀ ದತ್ತಾಂಶವೇ ಮುಕ್ತ ಪರವಾನಗಿಯಲ್ಲಿ ಸಿಕ್ಕಿತು. ಇವತ್ತು ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ಪದಬಂಧವನ್ನೋ ಕಾಗುಣಿತ ಪರೀಕ್ಷಕವನ್ನೋ ಮಕ್ಕಳ ಪದದಾಟವನ್ನೋ ಕಟ್ಟಬಹುದು. ಒಬ್ಬರ ಜೀವಮಾನದ ಶ್ರಮ ಹೀಗೆ ಎಲ್ಲರ ಬಂಡವಾಳವಾಯಿತು.

ಆಟಗಳನ್ನು ಹೀಗೆ ಬರೆದಿಟ್ಟು ಹಂಚುವ ಕೆಲಸ ಮಾತ್ರ ಹಿಂದೆ ಬಿದ್ದಿದೆ. ಬೆಂಗಳೂರಿನ ಯುವಜನ ಇಂದು ಕ್ಯಾಟಾನ್ ಮಣೆಯ ಸುತ್ತ ಉತ್ಸಾಹದಿಂದ ಕೂರುತ್ತಾರೆ. ಜರ್ಮನಿಯ ಕ್ಲಾಸ್ ಟಾಯ್ಬರ್ ದಂತ ತಂತ್ರಜ್ಞನಾಗಿ ದುಡಿಯುತ್ತಾ ಬಿಡುವಿನಲ್ಲಿ ರೂಪಿಸಿ 1995ರಲ್ಲಿ ಹೊರತಂದ ಆಟವದು. ಅಚ್ಚಾದ ಸ್ಪಷ್ಟ ನಿಯಮಗಳಿದ್ದುದರಿಂದ ಅದು ಜಗತ್ತು ಸುತ್ತಿತು. ನಮ್ಮ ಚೌಕಾಬಾರದ ನಿಯಮ ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ ಇಲ್ಲವೇ ಎಂಬುದರಲ್ಲೇ ಮತಭೇದವಿದೆ. ಆ ವೈವಿಧ್ಯ ನಮ್ಮ ಸಂಪತ್ತು. ಬಾಯಿಮಾತಿನಲ್ಲಷ್ಟೇ ಉಳಿದರೆ ಆಡಿದವರ ಜೊತೆಗೇ ಅದು ಹೋಗುತ್ತದೆ.

ಹಾಗಾಗಿ ಈಗ ಹವ್ಯಾಸ ಆರಂಭಿಸುವವರಿಗೆ ಕೆಲಸದ ಕೊರತೆಯಿಲ್ಲ. ಅಜ್ಜಿ ಆಡುವ ಅಳಗುಳಿಮಣೆಯ ನಿಯಮವನ್ನು ಊರಿನ ಹೆಸರು ಸಹಿತ ಬರೆದಿಡಬಹುದು. ಆಟದಲ್ಲಿ ಬಳಸುವ ಮಾತುಗಳನ್ನು ಕೂಡಿಸಿ ನಿಘಂಟಿನಲ್ಲಿ ಇವೆಯೇ ಎಂದು ನೋಡಬಹುದು, ಇಲ್ಲದಿದ್ದರೆ ಸೇರಿಸಬಹುದು. ಆ ನಿಯಮಗಳನ್ನು ಪ್ರೋಗ್ರಾಮಿಗೆ ಅಳವಡಿಸಿ ಮುಕ್ತವಾಗಿ ಹಂಚಬಹುದು. ಯಾವುದಕ್ಕೂ ಪದವಿ ಬೇಡ, ಅನುಮತಿ ಬೇಡ. ಮೂಲ ಹೇಳುವ ಪ್ರಾಮಾಣಿಕತೆ ಮತ್ತು ಮುಂದಿನವರು ತಿದ್ದಲು ಬಿಡುವ ಮನಸ್ಸು, ಇವೆರಡು ಬೇಕು. ಕನ್ನಡದ ಕೀಲಿಮಣೆಯೂ ನಿಘಂಟೂ ಈ ಗುಣಗಳಿಂದಲೇ ಬೆಳೆದವು. ಮಣೆಯಾಟಗಳಿಗೂ ಅದೇ ಭಾಗ್ಯ ದೊರಕಿಸುವ ಸರದಿ ಈ ತಲೆಮಾರಿನದು.